ಹಲ್ಲಿಗೆ ಇನ್ಶೂರೆನ್ಸ್ ಮಾಡಿಸ್ಬೇಕಾ? ದುಡ್ಡು ಕಟ್ಟೋಕ್ ಮುಂಚೆ ಈ ಲೆಕ್ಕ ಹಾಕ್ಕೊಳ್ಳಿ

ಹೋದ ವಾರ ನನ್ನ ನಾದಿನಿ ಮಾಲೂರಿಂದ ಫೋನ್ ಮಾಡಿದ್ಲು. ಅತ್ತಿಗೆ, ಯಾರೋ ಫೋನ್ ಮಾಡಿ ಹಲ್ಲಿಗೆ ಇನ್ಶೂರೆನ್ಸ್ ಇದೆ ಮೇಡಂ, ವರ್ಷಕ್ಕೊಂದ್ಸಲ ಕಟ್ಟಿದ್ರೆ ಸಾಕು ರೂಟ್ ಕೆನಾಲ್ ಗೀಟ್ ಕೆನಾಲ್ ಎಲ್ಲಾ ಫ್ರೀ ಅಂತಿದಾರೆ, ಮಾಡಿಸ್ಲಾ ಅಂತ ಕೇಳಿದ್ಲು. ತಡಿಯಮ್ಮ, ಇವತ್ತೇ ಓಟಿಪಿ ಹೇಳ್ಬೇಡ ಅಂದೆ. ಅವಳಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೀತಿದೀನಿ, ಯಾಕಂದ್ರೆ ನಾವು ಎರಡು ವರ್ಷ ಕಟ್ಟಿ ನೋಡಿದೀವಿ, ನಮ್ಮಂಗೆ ಲೆಕ್ಕ ಹಾಕ್ದೆ ಕಟ್ಟೋರು ಕೋಲಾರದಲ್ಲಿ ಇನ್ನೂ ಎಷ್ಟ್ ಜನ ಇದಾರೋ.

ನಮ್ಮೆಜಮಾನ್ರು ನರಸಾಪುರದಲ್ಲಿ ಫ್ಯಾಕ್ಟ್ರಿ ಕೆಲಸ. ಮೊದ್ಲು ಇಎಸ್‌ಐ ಇತ್ತು, ಅಂದ್ರೆ ಕಮ್ಮಿ ಸಂಬಳದ ಕೆಲಸಗಾರರಿಗೆ ಸರ್ಕಾರದ ವಿಮೆ, ಹಲ್ಲು ನೋವು ಅಂದ್ರೆ ಇಎಸ್‌ಐ ಚೀಟಿ ತಗೊಂಡು ಹೋಗ್ತಿದ್ವಿ, ಕೈಯಿಂದ ದುಡ್ಡು ಹೋಗ್ತಿರ್ಲಿಲ್ಲ. ಸಂಬಳ ತಿಂಗಳಿಗೆ 21,000 ದಾಟಿದ್ಮೇಲೆ ಇಎಸ್‌ಐ ಹೋಯ್ತು. ದಾಟಿದ ತಕ್ಷಣ ಹೋಗಲ್ಲ ಅನ್ನೋದು ಗೊತ್ತಿರ್ಲಿ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಆರಾರು ತಿಂಗಳ ಅವಧಿ ಇರುತ್ತೆ, ನಡೀತಿರೋ ಅವಧಿ ಮುಗಿಯೋವರ್ಗೂ ಸಂಬಳದಲ್ಲಿ ಇಎಸ್‌ಐ ದುಡ್ಡು ಹಿಡೀತಾರೆ, ಸೌಲಭ್ಯನೂ ಇರುತ್ತೆ, ಹಂಗಾಗಿ ಸಂಬಳ ಜಾಸ್ತಿ ಆಗುತ್ತೆ ಅಂತ ಗೊತ್ತಾದ್ರೆ ಮನೇಲಿರೋ ಹುಳುಕು ಹಲ್ಲೆಲ್ಲಾ ಅಷ್ಟರೊಳಗೆ ತೋರಿಸ್ಬಿಡಿ. ನಾವು ತೋರಿಸ್ಲಿಲ್ಲ. ಆಮೇಲೆ ಫ್ಯಾಮಿಲಿಗೆ ಒಂದು ಹೆಲ್ತ್ ಪಾಲಿಸಿ ತಗೊಂಡ್ವಿ, ಅದರ ಜೊತೆಗೆ ಹಲ್ಲಿಗೂ ಬರುತ್ತೆ ಅಂತ ಓಪಿಡಿ ಆಡ್-ಆನ್ ಸೇರಿಸಿದ್ರು, ಅಂದ್ರೆ ಅಡ್ಮಿಟ್ ಆಗ್ದೆ ತೋರಿಸ್ಕೊಂಡು ಬರೋ ಖರ್ಚಿಗೆ ಅಂತ ಮೇಲೆ ಸೇರಿಸೋದು, ಅದಕ್ಕೇ ಬೇರೆ 4,700 ರೂಪಾಯಿ.

ಎರಡನೇ ತಿಂಗಳಲ್ಲೇ ಇವ್ರಿಗೆ ಎಡಗಡೆ ಕೆಳಗಿನ ದವಡೆ ಹಲ್ಲಲ್ಲಿ ಬಂತು ನೋಡಿ ನೋವು, ರಾತ್ರಿಯೆಲ್ಲಾ ಲವಂಗ ಇಟ್ಕೊಂಡು ಕೂತಿದ್ರು. ರೂಟ್ ಕೆನಾಲ್ 3,500, ಕ್ಯಾಪ್ 4,500, ಎರಡು ಎಕ್ಸ್‌ರೇ 300, ಒಟ್ಟು 8,300 ಆಯ್ತು. ಕ್ಲೇಮ್ ಹಾಕಿದ್ವಿ, ವಾಪಸ್ ಬಂತು, 90 ದಿನ ವೇಟಿಂಗ್ ಪೀರಿಯಡ್ ಮುಗಿದಿಲ್ಲ ಅಂತ, ಅಂದ್ರೆ ಪಾಲಿಸಿ ತಗೊಂಡ ಮೇಲೆ ಅಷ್ಟು ದಿನ ಏನೂ ಕೊಡಲ್ಲ. ಮಾರಿದವ್ರು ಅದೊಂದು ಮಾತೂ ಹೇಳಿರ್ಲಿಲ್ಲ, ಪಾಲಿಸಿ ಪುಸ್ತಕದಲ್ಲಿ ಮಾತ್ರ ಇತ್ತು. ಮುಂದಿನ ವರ್ಷ ಆಗ್ಲಿ ಅಂತ ಮತ್ತೆ 4,700 ಕಟ್ಟಿದ್ವಿ, ಆ ವರ್ಷ ನಂದು ಎರಡು ಫಿಲ್ಲಿಂಗ್ 1,800, ಅತ್ತೆದು ಒಂದು ಹಲ್ಲು ಕೀಳ್ಸಿದ್ದು 500, ಸೇರಿ 2,300. ಅದ್ರಲ್ಲಿ 20 ಪರ್ಸೆಂಟ್ ನಮ್ಮದೇ ಅಂತ ಮುರ್ಕೊಂಡು 1,840 ಹಾಕಿದ್ರು. ಎರಡು ವರ್ಷಕ್ಕೆ ಕಟ್ಟಿದ್ದು 9,400, ಬಂದಿದ್ದು 1,840. ಸಾಮಾನು ಬರೆಯೋ ಪುಸ್ತಕದ ಕೊನೇ ಹಾಳೆಲಿ ಈ ಲೆಕ್ಕ ಇನ್ನೂ ಹಂಗೇ ಇದೆ. ಕಂಪ್ನಿ ಮೋಸ ಮಾಡ್ತು ಅಂತ ನಾನು ಹೇಳ್ತಿಲ್ಲ, ಬರೆದಿದ್ದ ಪ್ರಕಾರನೇ ಕೊಟ್ಟಿದಾರೆ, ನಾವೇ ಓದಿರ್ಲಿಲ್ಲ.

ಇದು ಯಾಕೆ ಹಿಂಗೆ ಅಂತ ಅರ್ಥ ಮಾಡ್ಕೊಂಡ್ರೆ ಅರ್ಧ ಕೆಲಸ ಮುಗೀತು. ಇನ್ಶೂರೆನ್ಸ್ ಅನ್ನೋದು ಸಾವಿರ ಜನರಲ್ಲಿ ಯಾರೋ ಕೆಲವರಿಗೆ ಬರೋ ದೊಡ್ಡ ಖರ್ಚಿಗೆ ಎಲ್ರೂ ಸೇರಿ ಕಟ್ಟೋ ದುಡ್ಡು. ಹಾರ್ಟ್ ಆಪರೇಷನ್‌ಗೆ ಲಕ್ಷಗಟ್ಲೆ ಆಗುತ್ತೆ, ಆದ್ರೆ ಎಲ್ರಿಗೂ ಬರಲ್ಲ, ಅಲ್ಲಿ ಆ ಲೆಕ್ಕ ಕೂಡುತ್ತೆ. ಹಲ್ಲು ಹಂಗಲ್ಲ, ಇವತ್ತಲ್ಲ ನಾಳೆ ಎಲ್ರ ಮನೇಲೂ ಬರುತ್ತೆ, ಬಂದ್ರೆ ಸಾವಿರದ ಲೆಕ್ಕದಲ್ಲಿ ಬರುತ್ತೆ. ಎಲ್ರಿಗೂ ಬರೋ ಖರ್ಚಿಗೆ ಕಂಪ್ನಿ ಎಲ್ಲಿಂದ ಕೊಡುತ್ತೆ, ನಮ್ಮತ್ರ ಇಸ್ಕೊಂಡ ದುಡ್ಡಲ್ಲೇ ತನ್ನ ಖರ್ಚು ಮುರ್ಕೊಂಡು ಮಿಕ್ಕಿದ್ದನ್ನ ಕೊಡ್ಬೇಕು. ಅದಕ್ಕೇ ಮೇಲೊಂದು ಮಿತಿ ಹಾಕ್ತಾರೆ, ವೇಟಿಂಗ್ ಹಾಕ್ತಾರೆ. ಅಮೇರಿಕಾದಲ್ಲಿ ಹಲ್ಲಿಗೇ ಅಂತ ಬೇರೆ ಇನ್ಶೂರೆನ್ಸ್ ಮಾಮೂಲಿ, ಅಲ್ಲೂ ವರ್ಷಕ್ಕೆ ಸಾವಿರ ಸಾವಿರದೈನೂರು ಡಾಲರ್ ಅಂತ ಮಿತಿ ಇಟ್ಟಿರೋ ಪ್ಲಾನ್‌ಗಳೇ ಜಾಸ್ತಿ, ನಮ್ಮೂರ ಹುಡುಗ್ರು ರಜಕ್ಕೆ ಬಂದಾಗ ಇಲ್ಲೇ ಕ್ಯಾಪ್ ಹಾಕಿಸ್ಕೊಂಡು ಹೋಗೋದು ಸುಮ್ನೆ ಅಲ್ಲ.

ಈಗ ಮಾಡ್ಬೇಕಾಗಿರೋದು. ಮೊದ್ಲು ಹೋದ ಮೂರು ವರ್ಷದಲ್ಲಿ ಮನೇಲಿ ಯಾರ್ಯಾರ ಹಲ್ಲಿಗೆ ಎಷ್ಟೆಷ್ಟು ಖರ್ಚಾಗಿದೆ ಅಂತ ಜ್ಞಾಪಿಸ್ಕೊಂಡು ಬರೀರಿ, ಮೂರರಿಂದ ಭಾಗಿಸಿ, ವರ್ಷಕ್ಕೆ ಸುಮಾರು ಎಷ್ಟು ಅಂತ ಗೊತ್ತಾಗುತ್ತೆ. ಅದಾದ್ಮೇಲೆ, ಇದು ತುಂಬಾ ಜನ ಮಾಡಲ್ಲ, ಪ್ಲಾನ್ ತಗೊಳ್ಳೋಕ್ ಮುಂಚೆನೇ ಒಂದ್ಸಲ ಡೆಂಟಿಸ್ಟ್ ಹತ್ರ ಮನೆಯವ್ರೆಲ್ಲಾ ಹೋಗಿ ಬಾಯಿ ತೋರಿಸ್ಕೊಂಡು ಬನ್ನಿ, ಫೀಸ್ ಇನ್ನೂರು ಮುನ್ನೂರು ತಗೊಳ್ಬೋದು. ಡಾಕ್ಟ್ರೇ, ಈ ವರ್ಷ ಏನು ಮಾಡಿಸ್ಲೇಬೇಕು, ಏನು ಕಾಯ್ಬೋದು, ಎಷ್ಟಾಗುತ್ತೆ ಒಂದು ಚೀಟಿಲಿ ಬರ್ಕೊಡಿ ಅಂತ ಕೇಳಿ, ಬರ್ಕೊಡ್ತಾರೆ. ಆ ಚೀಟಿ ಕೈಯಲ್ಲಿದ್ರೆ ಏಜೆಂಟ್ ಏನು ಹೇಳಿದ್ರೂ ನಿಮಗೆ ಗೊತ್ತಾಗುತ್ತೆ. ಹುಳುಕು ಮೇಲಿನ ಎನಾಮಲ್ ಅನ್ನೋ ಗಟ್ಟಿ ಪದರದಲ್ಲಿ, ಇಲ್ಲಾ ಅದರ ಕೆಳಗಿನ ಪದರದಲ್ಲಿ ಇರೋವಾಗ ಒಂದು ಫಿಲ್ಲಿಂಗ್‌ನಲ್ಲಿ ಮುಗಿಯುತ್ತೆ, ಒಳಗೆ ನರ ಇರೋ ಜಾಗಕ್ಕೆ ಇಳಿದ್ರೆ ರೂಟ್ ಕೆನಾಲ್, ಅದರ ಮೇಲೆ ಕ್ಯಾಪ್. ಇವ್ರ ಹಲ್ಲಿನ ಎಕ್ಸ್‌ರೇ ಅಂಚೆ ಚೀಟಿಯಷ್ಟಿತ್ತು, ಡಾಕ್ಟ್ರು ಅದನ್ನ ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಇಲ್ಲಿ ಕರ್ರಗಿದ್ಯಲ್ಲಾ, ಒಂದು ವರ್ಷ ಮುಂಚೆ ಬಂದಿದ್ರೆ ಒಂಬೈನೂರಲ್ಲಿ ಹೋಗ್ತಿತ್ತು ಅಂದ್ರು. ಯಾವ ಪ್ಲಾನೂ ನಮಗೆ ಅಷ್ಟು ಉಳಿಸ್ಕೊಡಲ್ಲ.

ಆಮೇಲೆ ಪ್ಲಾನ್‌ದು ಕಾಗದ ಕೇಳಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ವಾಟ್ಸಾಪಲ್ಲಿ ಪಾಲಿಸಿ ವರ್ಡಿಂಗ್, ಅಂದ್ರೆ ಷರತ್ತೆಲ್ಲಾ ಬರೆದಿರೋ ಪುಸ್ತಕ, ಕಳ್ಸಿ ಅನ್ನಿ, ಕಳಿಸಲ್ಲ ಅಂದ್ರೆ ಅಲ್ಲಿಗೇ ಬಿಟ್ಬಿಡಿ. ಕಳಿಸಿದ್ರೆ ಹಲ್ಲು ಅನ್ನೋ ಮಾತು ಎಲ್ಲೆಲ್ಲಿದ್ಯೋ ಅಲ್ಲೆಲ್ಲಾ ನಿಂತು ಓದಿ. ಎಷ್ಟು ದಿನ ವೇಟಿಂಗ್, ಫಿಲ್ಲಿಂಗಿಗೊಂದು ರೂಟ್ ಕೆನಾಲ್‌ಗೊಂದು ಬೇರೆ ಬೇರೆ ಇರ್ಬೋದು. ಓಪಿಡಿ 10,000 ಅಂತ ದಪ್ಪಕ್ಷರದಲ್ಲಿ ಹಾಕಿ ಅದರೊಳಗೆ ಹಲ್ಲಿಗೆ 3,000 ಮಾತ್ರ ಅಂತ ಸಣ್ಣಕ್ಷರದಲ್ಲಿ ಹಾಕಿದಾರಾ, ನಮ್ಮದ್ರಲ್ಲಿ ಹಂಗೇ ಇತ್ತು, ಅಂದ್ರೆ ವೇಟಿಂಗ್ ಮುಗಿದಿದ್ರೂ ಆ 8,300ಕ್ಕೆ 3,000ದ ಮೇಲೆ ಬರ್ತಿರ್ಲಿಲ್ಲ. ಕೋ-ಪೇ, ಅಂದ್ರೆ ಬಿಲ್ಲಲ್ಲಿ ನಾವೇ ಕೊಡ್ಬೇಕಾದ ಪಾಲು, ಎಷ್ಟು. ರೂಟ್ ಕೆನಾಲ್ ಸೇರಿದೆ ಅಂತಾರೆ, ಕ್ಯಾಪ್ ಸೇರಿದ್ಯಾ, ಕ್ಯಾಪೇ ಜಾಸ್ತಿ ದುಡ್ಡು. ಹಲ್ಲು ನೇರ ಮಾಡೋ ಕ್ಲಿಪ್ಪು, ಮೂಳೆಗೆ ಸ್ಕ್ರೂ ಹಾಕಿ ಕೂರಿಸೋ ಇಂಪ್ಲಾಂಟ್ ಇದ್ಯಾ, ಸಾಮಾನ್ಯವಾಗಿ ಇರಲ್ಲ. ಇನ್ನೊಂದು ಮುಖ್ಯವಾದದ್ದು, ಅವ್ರ ನೆಟ್‌ವರ್ಕ್ ಡಾಕ್ಟ್ರು ಎಲ್ಲಿದಾರೆ. ಲಿಸ್ಟ್ ತೆಗೆದ್ರೆ ಎಲ್ಲಾ ಬೆಂಗಳೂರು, ವೈಟ್‌ಫೀಲ್ಡು, ಇಂದಿರಾನಗರ, ರೂಟ್ ಕೆನಾಲ್‌ಗೆ ಮೂರು ಸಿಟ್ಟಿಂಗ್ ಅಂದ್ರೆ ಮೂರ್ ಸಲ ಬಸ್ ಚಾರ್ಜು ಮೂರು ದಿನದ ಸಂಬಳ ಹೋಗುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ.

ಇಷ್ಟಾದ್ಮೇಲೆ ಲೆಕ್ಕ ಸುಲಭ. ಡಾಕ್ಟ್ರು ಬರ್ಕೊಟ್ಟ ಚೀಟಿಲಿರೋ ಒಂದೊಂದಕ್ಕೂ ಪ್ಲಾನ್ ನಿಜವಾಗ್ಲೂ ಎಷ್ಟು ಕೊಡುತ್ತೆ ಅಂತ ಪಕ್ಕದಲ್ಲಿ ಬರೀರಿ, ವೇಟಿಂಗ್ ಒಳಗೆ ಬರೋದಕ್ಕೆ ಸೊನ್ನೆ ಹಾಕಿ, ಕೂಡಿ. ಆ ಮೊತ್ತ ಪ್ರೀಮಿಯಂಗಿಂತ ಕಮ್ಮಿ ಇದ್ರೆ ಬೇಡ.

ನಮ್ಮ ಕಡೆಯವ್ರು ಒಂದು ವಿಷಯ ಸ್ಪೆಷಲ್ಲಾಗಿ ನೋಡ್ಬೇಕು, ಬೋರ್ ನೀರಲ್ಲಿರೋ ಫ್ಲೋರೈಡು ಅನ್ನೋ ಲವಣ. ನನ್ನ ತವರು ಮುಳಬಾಗಿಲು ಕಡೆ ಹಳ್ಳಿ, ಸಾವಿರ ಅಡಿ ಬೋರ್ ನೀರು ಕುಡಿದು ಬೆಳೆದೋರು ನಾವು, ನಮ್ಮಣ್ಣನ ಮುಂದಿನ ಹಲ್ಲೆಲ್ಲಾ ಕಂದು ಪಟ್ಟೆ, ಮದ್ವೆ ಫೋಟೋದಲ್ಲೂ ಬಾಯಿ ಮುಚ್ಕೊಂಡೇ ನಿಂತಿದಾನೆ. ಬಾಗೇಪಲ್ಲಿ, ಗುಡಿಬಂಡೆ, ಪಾವಗಡ ಎಲ್ಲಾ ಕಡೆ ಇದೇ ಕಥೆ. ಕುಡಿಯೋ ನೀರಲ್ಲಿ ಫ್ಲೋರೈಡು ಲೀಟರ್‌ಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ದಿದ್ರೆ 1.5 ವರ್ಗೂ ಪರ್ವಾಗಿಲ್ಲ ಅಂತ ನಮ್ಮ ದೇಶದ ಮಾನದಂಡ. ಹಲ್ಲು ಒಸಡಿನೊಳಗೆ ರೂಪ ತಗೊಳ್ತಿರೋ ಚಿಕ್ಕ ವಯಸ್ಸಲ್ಲೇ ಈ ಕಲೆ ಕೂರೋದು, ಉಜ್ಜಿದ್ರೆ ಹೋಗಲ್ಲ. ಇದನ್ನ ಸರಿ ಮಾಡಿಸೋಕೆ ಹೋದ್ರೆ ಬ್ಲೀಚಿಂಗು, ಹಲ್ಲಿನ ಮೇಲೆ ತೆಳ್ಳಗೆ ಅಂಟಿಸೋ ವೆನೀರು ಇವೆಲ್ಲಾ ಅಂದ ಚೆಂದದ ಟ್ರೀಟ್‌ಮೆಂಟ್ ಅಂತ ಇನ್ಶೂರೆನ್ಸ್‌ನವ್ರು ಕೈ ಎತ್ತುತಾರೆ. ನೀರಿಂದ ಬಂದಿದ್ದನ್ನ ಅಂದ ಚೆಂದ ಅನ್ನೋದು ನಂಗೆ ಸರಿ ಅನ್ಸಲ್ಲ, ನಮ್ಮಣ್ಣ ಸಿನಿಮಾದಲ್ಲಿ ನಟಿಸೋಕೆ ಕೇಳ್ತಿಲ್ಲ. ಆದ್ರೆ ಕಾಗದದಲ್ಲಿ ಇರೋದು ಹಂಗೆ, ಅದಕ್ಕೋಸ್ಕರ ಪ್ಲಾನ್ ತಗೊಳ್ಬೇಡಿ. ಮನೇಲಿ ಎಂಟು ವರ್ಷದೊಳಗಿನ ಮಕ್ಕಳಿದ್ರೆ ಆ ದುಡ್ಡಲ್ಲಿ ಒಳ್ಳೆ ಕುಡಿಯೋ ನೀರು ತರ್ಸಿ.

ಒಂದೇ ಬೆಲೆಗೆ ವರ್ಷಪೂರ್ತಿ ಹಲ್ಲಿನ ಕಾರ್ಡ್ ಅಂತ ಕ್ಲಿನಿಕ್‌ಗಳಲ್ಲಿ ಕೊಡ್ತಾರಲ್ಲ, ಅದು ಇನ್ಶೂರೆನ್ಸ್ ಅಲ್ಲ, ಡಿಸ್ಕೌಂಟ್ ಕಾರ್ಡು. ಆ ಕ್ಲಿನಿಕ್‌ಗೇ ಹೋಗೋರಾದ್ರೆ ಪರ್ವಾಗಿಲ್ಲ, ಆದ್ರೆ ಕಾರ್ಡ್ ಇಲ್ದೋರಿಗೆ ಏನು ರೇಟು ಅಂತ ಬೇರೆ ಯಾರತ್ರನಾದ್ರೂ ಕೇಳ್ಸಿ.

ಹಂಗಾದ್ರೆ ಯಾರೂ ತಗೊಳ್ಳೋದೇ ಬೇಡ್ವಾ ಅಂದ್ರೆ ಹಂಗೂ ಅಲ್ಲ. ನೀವು ಕೆಲಸ ಮಾಡೋ ಕಂಪ್ನಿನೇ ಎಲ್ಲಾ ಕೆಲಸಗಾರರಿಗೂ ಸೇರಿಸಿ ಗ್ರೂಪ್ ಪಾಲಿಸಿಲಿ ಕಟ್ತಿದ್ರೆ ಕಣ್ಮುಚ್ಕೊಂಡು ಬಳಸಿ, ವರ್ಷ ಮುಗಿಯೋಕ್ ಮುಂಚೆ ಕ್ಲೀನಿಂಗ್ ಆದ್ರೂ ಮಾಡಿಸ್ಕೊಳ್ಳಿ. ಮನೇಲಿ ಶುಗರ್ ಬಿಪಿ ಇರೋರಿದ್ದು ತಿಂಗಳ ತಿಂಗಳ ಡಾಕ್ಟ್ರು, ಲ್ಯಾಬು, ಮಾತ್ರೆ ಖರ್ಚು ಇದ್ದೇ ಇದ್ರೆ, ಆ ಓಪಿಡಿ ಆಡ್-ಆನ್‌ನಲ್ಲಿ ಅದೆಲ್ಲಾ ಬಂದ್ರೆ, ಜೊತೆಗೆ ಹಲ್ಲೂ ಬಂದ್ರೆ, ಆಗ ಲೆಕ್ಕ ಕೂಡ್ಬೋದು. ಶುಗರ್ ಇರೋರಿಗೆ ಒಸಡು ಬೇಗ ಕೆಡುತ್ತೆ, ಒಸಡು ಕೆಟ್ರೆ ಶುಗರ್ ಹತೋಟಿಗೆ ಬರೋದೂ ಕಷ್ಟ, ಅವ್ರಿಗೆ ವರ್ಷಕ್ಕೆರಡು ಸಲ ಹಲ್ಲಿನ ಡಾಕ್ಟ್ರ ಹತ್ರ ಹೋಗೋ ಖರ್ಚು ಗ್ಯಾರಂಟಿ.

ದಯವಿಟ್ಟು ಇದೊಂದು ಮಾತ್ರ ತಪ್ಪು ಮಾಡ್ಕೊಬೇಡಿ, ಹಲ್ಲಿನ ಪ್ಲಾನ್ ಬೇಡ ಅಂತ ಹೆಲ್ತ್ ಪಾಲಿಸಿನೇ ಬಿಡ್ಬೇಡಿ. ರಿನ್ಯೂವಲ್ ಟೈಮಲ್ಲಿ ಆಡ್-ಆನ್ ಮಾತ್ರ ತೆಗೀರಿ ಅಂತ ಹೇಳಿ, ನಾವು ಮೂರನೇ ವರ್ಷ ಅದೇ ಮಾಡಿದ್ವಿ. ಬೈಕಲ್ಲಿ ಬಿದ್ದು ದವಡೆ ಮುರಿದು ಆಸ್ಪತ್ರೆಗೆ ಸೇರಿದ್ರೆ, ಆ ಗಾಯದಿಂದ ಹಲ್ಲಿಗೆ ಬೇಕಾದ ಟ್ರೀಟ್‌ಮೆಂಟ್‌ಗೆ ಮಾಮೂಲಿ ಹೆಲ್ತ್ ಪಾಲಿಸಿನಲ್ಲೇ ಸಾಮಾನ್ಯವಾಗಿ ದಾರಿ ಇರುತ್ತೆ. ಎಲ್ಲಾ ಕಂಪ್ನಿಗಳೂ 2020ರಿಂದ ಮಾರ್ತಿರೋ ಆರೋಗ್ಯ ಸಂಜೀವನಿ ಪಾಲಿಸಿಲಂತೂ ಕಾಯಿಲೆ ಅಥವಾ ಪೆಟ್ಟಿಂದ ಬೇಕಾಗೋ ಹಲ್ಲಿನ ಚಿಕಿತ್ಸೆ ಅಂತ ಬರೆದೇ ಇದೆ, ಆದ್ರೆ ಆಸ್ಪತ್ರೆಗೆ ಅಡ್ಮಿಟ್ ಆಗಿರ್ಬೇಕು, ಕುರ್ಚಿಲಿ ಕೂತು ಅರ್ಧ ಗಂಟೇಲಿ ಎದ್ದು ಬರೋ ಕೆಲಸಕ್ಕಲ್ಲ. ಗುಟ್ಕಾ, ಹೊಗೆಸೊಪ್ಪು ಹಾಕೋರ ಬಾಯಿ ಕ್ಯಾನ್ಸರ್‌ಗೆ ಆಪರೇಷನ್ ಬೇಕಾದಾಗ ಕೈ ಹಿಡಿಯೋದೂ ಹೆಲ್ತ್ ಪಾಲಿಸಿನೇ, ಹಲ್ಲಿನ ಪ್ಲಾನ್ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ನಾವು ಸ್ವಂತಕ್ಕೆ, ಫ್ಯಾಮಿಲಿಗೆ ಮಾಡಿಸೋ ಹೆಲ್ತ್ ಪಾಲಿಸಿಗೆ 18 ಪರ್ಸೆಂಟ್ ಜಿಎಸ್‌ಟಿ ಇಲ್ಲ, ಹಳೇ ರೇಟಲ್ಲೇ ಜಿಎಸ್‌ಟಿ ಸೇರಿಸಿ ಹೇಳಿದ್ರೆ ಕೇಳಿ. ತಗೊಂಡ್ಮೇಲೆ ಓದಿ ಇಷ್ಟ ಆಗ್ಲಿಲ್ಲ ಅಂದ್ರೆ 30 ದಿನದೊಳಗೆ ವಾಪಸ್ ಕೊಡೋ ಹಕ್ಕಿದೆ, ಫ್ರೀ ಲುಕ್ ಅಂತಾರೆ.

ಪ್ಲಾನ್ ಈಗಾಗ್ಲೇ ಇರೋರಿಗೆ ಬಿಲ್ ಬಗ್ಗೆ ಒಂದು ಮಾತು. ನಮ್ಮ ಎರಡನೇ ವರ್ಷದ ಕ್ಲೇಮ್ ಮೂರು ವಾರ ನಿಂತಿದ್ದು ಬಿಲ್ಲಲ್ಲಿ ಹಲ್ಲಿನ ನಂಬರ್ ಇಲ್ಲ ಅಂತ. ಒಂದೊಂದು ಹಲ್ಲಿಗೂ ಒಂದೊಂದು ನಂಬರ್ ಇದೆ, ಎಡಗಡೆ ಕೆಳಗೆ ಆರನೇ ವಯಸ್ಸಿಗೆ ಬರೋ ದೊಡ್ಡ ದವಡೆ ಹಲ್ಲು 36. ಫಿಲ್ಲಿಂಗ್ ಎರಡು ಅಂತ ಬರೆಯೋ ಬದ್ಲು ಯಾವ ನಂಬರ್ ಹಲ್ಲು, ಒಂದೊಂದಕ್ಕೆ ಎಷ್ಟು ಅಂತ ಬರ್ಸಿ, ಸಹಿ, ಸೀಲು, ಡಾಕ್ಟ್ರ ರಿಜಿಸ್ಟ್ರೇಷನ್ ನಂಬರ್ ಇರ್ಲಿ, ಮುಂಚಿನ ಎಕ್ಸ್‌ರೇ ಆಮೇಲಿನ ಎಕ್ಸ್‌ರೇ ಎರಡೂ ಇಟ್ಕೊಳ್ಳಿ. ಸುಮ್ಸುಮ್ನೆ ತಿರಸ್ಕಾರ ಮಾಡಿದ್ರೆ ಮೊದ್ಲು ಕಂಪ್ನಿಗೇ ಬರೆದು ದೂರು ಕೊಡಿ, ಅಲ್ಲಿ ಆಗ್ಲಿಲ್ಲ ಅಂದ್ರೆ ಇನ್ಶೂರೆನ್ಸ್ ದೂರು ತಗೊಳ್ಳೋ ಬಿಮಾ ಭರೋಸಾ ಅನ್ನೋ ಸರ್ಕಾರಿ ಪೋರ್ಟಲ್ ಇದೆ, 155255ಕ್ಕೆ ಫೋನೂ ಮಾಡ್ಬೋದು, ಅದಾದ್ಮೇಲೆ ಬೆಂಗಳೂರಲ್ಲಿ ಇಂಥ ದೂರು ತೀರ್ಮಾನ ಮಾಡೋ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಲ್ಲಿ ಲಾಯರೂ ಬೇಡ ಫೀಸೂ ಇಲ್ಲ.

ನಾವೀಗ ಮಾಡ್ತಿರೋದು ಇಷ್ಟೇ. ತಿಂಗಳಿಗೆ 400ರಂತೆ ಬ್ಯಾಂಕಲ್ಲಿ ಒಂದು ಆರ್‌ಡಿ, ವರ್ಷಕ್ಕೆ 4,800, ಹೆಚ್ಚು ಕಮ್ಮಿ ಆ ಪ್ರೀಮಿಯಂ ದುಡ್ಡೇ ಅದು. ಬೇಕಾದಾಗ ಮುರ್ಕೊಂತೀವಿ, ಬೇಡ್ದಿದ್ರೆ ನಮ್ಮತ್ರನೇ ಇರುತ್ತೆ. ದೊಡ್ಡ ಕೆಲಸ ಬಂದ್ರೆ ಮೊದ್ಲು ಕೋಲಾರದ ಜಿಲ್ಲಾಸ್ಪತ್ರೆ ಎಸ್‌ಎನ್‌ಆರ್‌ನ ಡೆಂಟಲ್ ವಿಭಾಗಕ್ಕೆ ಹೋಗಿ ಕೇಳ್ತೀವಿ, ಕೀಳೋದು, ಫಿಲ್ಲಿಂಗು ಅಲ್ಲೇ ಆದ್ರೆ ಆಯ್ತು. ಡೆಂಟಲ್ ಕಾಲೇಜುಗಳೂ ಇವೆ, ಕೆಜಿಎಫ್‌ನಲ್ಲೊಂದು, ತುಮಕೂರಿನವ್ರಿಗೆ ಅಗಳಕೋಟೆ ಸಿದ್ಧಾರ್ಥ, ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ರ ಸರ್ಕಾರಿ ದಂತ ಕಾಲೇಜು. ಸ್ಟೂಡೆಂಟ್ಸ್ ಮಾಡ್ತಾರೆ ಅಂತ ಹೆದರ್ಬೇಡಿ, ಪಕ್ಕದಲ್ಲಿ ಮೇಷ್ಟ್ರು ನಿಂತು ಒಂದೊಂದು ಹಂತನೂ ನೋಡ್ತಾರೆ, ಟೈಮ್ ಜಾಸ್ತಿ ಹಿಡಿಯುತ್ತೆ ಅಷ್ಟೇ, ಬೆಳಿಗ್ಗೆ ಹೋದ್ರೆ ಮಧ್ಯಾಹ್ನ ಅಂತ ಇಟ್ಕೊಳ್ಳಿ. ಬಿಪಿಎಲ್ ಕಾರ್ಡಿರೋ ವಯಸ್ಸಾದವ್ರಿಗೆ ಹಲ್ಲು ಸೆಟ್ ಬೇಕಿದ್ರೆ ಹಲ್ಲು ಸೆಟ್ ಕಟ್ಟಿಸ್ಕೊಡೋ ಸರ್ಕಾರದ ದಂತಭಾಗ್ಯ ಯೋಜನೆ ಬಗ್ಗೆ ಜಿಲ್ಲಾಸ್ಪತ್ರೆಲಿ ಕೇಳಿ, ದುಡ್ಡು ಕೊಟ್ಟು ಕಟ್ಟಿಸೋಕ್ ಮುಂಚೆ.

ನಾದಿನಿ ಶನಿವಾರ ಮಾಲೂರಲ್ಲೇ ಡಾಕ್ಟ್ರಿಗೆ ತೋರಿಸ್ಕೊಂಡು ಬಂದ್ಲು. ಅವಳಿಗೆ ಒಂದು ಫಿಲ್ಲಿಂಗು ಒಂದು ಕ್ಲೀನಿಂಗು, ಮಗಂಗೆ ಏನೂ ಇಲ್ಲ, ಒಟ್ಟು 1,700 ಅಂತ ಚೀಟಿಲಿ ಬರ್ಕೊಟ್ಟಿದಾರೆ. ಆ ಪ್ಲಾನ್‌ದು ರೇಟು ಎಷ್ಟು ಹೇಳಿದ್ರು ಅಂದೆ, 3,999 ಅತ್ತಿಗೆ ಅಂದ್ಲು.