ಆರ್36ಎಸ್: ಮೊದಲು ಕಾರ್ಡು, ಆಮೇಲೆ ಆಟ

ಹಳೆಯ ವಿಡಿಯೋ ಗೇಮ್ ಆಡುವ ಅಂಗೈ ಯಂತ್ರ ಆರ್36ಎಸ್ ಕೈಗೆ ಬಂದ ಕೂಡಲೇ, ವ್ಯವಸ್ಥೆ ಮತ್ತು ಆಟ ಎರಡೂ ಇರುವ ಅದರ ಮೈಕ್ರೋ ಎಸ್‌ಡಿ ಕಾರ್ಡನ್ನು ಹೊರತೆಗೆದು ಪೂರ್ತಿ ನಕಲು ಮಾಡಿಟ್ಟುಕೊಳ್ಳಿ. ಆಟ ಆಮೇಲೆ. ಮೈಸೂರಿನ ಗೆಳೆಯರಿಗೆಂದು ಈ ಯಂತ್ರಗಳನ್ನು ಸಿದ್ಧ ಮಾಡಿಕೊಡುತ್ತ ಬಂದಿದ್ದೇನೆ. ಕೆಟ್ಟುಹೋಗಿದೆ ಎಂದು ವಾಪಸ್ ಬಂದವುಗಳಲ್ಲಿ ಹೆಚ್ಚಿನವುಗಳ ಯಂತ್ರ ಚೆನ್ನಾಗಿಯೇ ಇತ್ತು, ಸತ್ತಿದ್ದು ಕಾರ್ಡು. ಜೊತೆಗೆ ಬರುವುದು ಹೆಸರಿಲ್ಲದ ಅಗ್ಗದ ಕಾರ್ಡು. ಅದನ್ನು ನಂಬಿ ಆಟ ಉಳಿಸಿಕೊಳ್ಳುತ್ತ ಹೋದರೆ ಒಂದು ದಿನ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಈ ಯಂತ್ರದೊಳಗೆ ರಾಕ್‌ಚಿಪ್ ಆರ್‌ಕೆ3326 ಚಿಪ್ ಇದೆ, ನಾಲ್ಕು ಕಾರ್ಟೆಕ್ಸ್ ಎ35 ಕೋರ್‌ಗಳದ್ದು. ರ್‍ಯಾಮ್ 1 ಜಿಬಿ, ಸ್ಕ್ರೀನ್ 3.5 ಇಂಚು, 640×480. ನಡೆಸುವುದು ಆರ್ಕ್‌ಓಎಸ್ ಎಂಬ ಲಿನಕ್ಸ್. 8 ಬಿಟ್, 16 ಬಿಟ್ ಕಾಲದ ಆಟಗಳು, ಗೇಮ್‌ಬಾಯ್ ಅಡ್ವಾನ್ಸ್, ಮೊದಲ ಪ್ಲೇಸ್ಟೇಷನ್ ಇವೆಲ್ಲ ಸಲೀಸಾಗಿ ಓಡುತ್ತವೆ. ನಿಂಟೆಂಡೊ 64, ಡ್ರೀಮ್‌ಕಾಸ್ಟ್, ಪಿಎಸ್‌ಪಿಗಳಲ್ಲಿ ಕೆಲವು ಆಟ ಮಾತ್ರ. ಪಿಎಸ್2 ಆಡಬೇಕೆಂದು ಇದನ್ನು ಕೊಳ್ಳಬೇಡಿ.

ನಕಲು ಮಾಡಲು ವಿಂಡೋಸ್‌ನಲ್ಲಿ ವಿನ್32 ಡಿಸ್ಕ್ ಇಮೇಜರ್ ಎಂಬ ಉಚಿತ ತಂತ್ರಾಂಶ ಸಾಕು. ಕಾರ್ಡನ್ನು ರೀಡರಿಗೆ ಹಾಕಿದ ತಕ್ಷಣ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳುತ್ತದೆ. ಕ್ಯಾನ್ಸಲ್ ಒತ್ತಿ, ಎಷ್ಟು ಸಲ ಕೇಳಿದರೂ. ಲಿನಕ್ಸ್ ಇರುವ ಭಾಗವನ್ನು ವಿಂಡೋಸ್‌ಗೆ ಓದಲು ಬರುವುದಿಲ್ಲ, ಅದಕ್ಕೇ ಆ ಪ್ರಶ್ನೆ. ಒಪ್ಪಿಕೊಂಡರೆ ವ್ಯವಸ್ಥೆಯೇ ಅಳಿಸಿಹೋಗುತ್ತದೆ. ಇಡೀ ಕಾರ್ಡನ್ನು ಇಮೇಜ್, ಅಂದರೆ ಒಂದೇ ಕಡತದ ಪಡಿಯಚ್ಚು, ಮಾಡಿ ಇಟ್ಟ ಮೇಲೆ, ಬೂಟ್ ಎಂಬ ಹೆಸರಿನ ಸಣ್ಣ ಭಾಗವನ್ನು ತೆರೆದು ಅಲ್ಲಿರುವ, ಹೆಸರು .dtb ಎಂದು ಕೊನೆಯಾಗುವ ಡಿಟಿಬಿ ಕಡತಗಳನ್ನು ಬೇರೆಯಾಗಿ ಪೆನ್‌ಡ್ರೈವಿಗೂ ಹಾಕಿಕೊಳ್ಳಿ.

ಆ ಪುಟ್ಟ ಕಡತದ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. ಈ ಯಂತ್ರವನ್ನು ತಯಾರಿಸುವವರು ಸಿಕ್ಕ ಸಿಕ್ಕ ಸ್ಕ್ರೀನ್ ಪ್ಯಾನೆಲ್‌ಗಳನ್ನು ಕೂರಿಸುತ್ತಾರೆ. ಹೊರಗಿನಿಂದ ಎಲ್ಲ ಒಂದೇ. ಒಳಗಿನ ಪ್ಯಾನೆಲ್ ಯಾವುದು, ಅದನ್ನು ಹೇಗೆ ಎಬ್ಬಿಸಬೇಕು ಎಂದು ಲಿನಕ್ಸ್‌ಗೆ ತಿಳಿಸುವುದು ಡಿಟಿಬಿ. ಹೊಸ ಕಾರ್ಡಿನಲ್ಲಿ ಬೇರೆ ಪ್ಯಾನೆಲ್ಲಿನ ಡಿಟಿಬಿ ಇದ್ದರೆ ದೀಪ ಹತ್ತುತ್ತದೆ, ಸದ್ದೂ ಕೇಳಬಹುದು, ಸ್ಕ್ರೀನ್ ಮಾತ್ರ ಕಪ್ಪು. ಇದನ್ನು ನೋಡಿ ಸ್ಕ್ರೀನ್ ಸುಟ್ಟಿತು ಎಂದುಕೊಂಡವರು ಬಹಳ. ನಿಮ್ಮ ಹಳೆಯ ಡಿಟಿಬಿಯನ್ನು ಹೊಸ ಕಾರ್ಡಿನ ಬೂಟ್ ಭಾಗಕ್ಕೆ ಅದೇ ಹೆಸರಿನಲ್ಲಿ ಹಾಕಿದರೆ ಚಿತ್ರ ಬರುತ್ತದೆ. ಇದೇ ಹೊರಮೈ ಇಟ್ಟುಕೊಂಡು ಒಳಗೆ ಬೇರೆಯೇ ಬೋರ್ಡ್ ಇರುವ ನಕಲಿ ಯಂತ್ರಗಳೂ ಮಾರಾಟವಾಗುತ್ತಿವೆ. ಅವು ಸಾಮಾನ್ಯ ಆರ್ಕ್‌ಓಎಸ್‌ನಲ್ಲಿ ಏಳದೇ ಇರಬಹುದು. ಆಗ ಮೊದಲು ತೆಗೆದಿಟ್ಟ ಇಮೇಜೇ ಕೈಹಿಡಿಯುವುದು.

ಹೊಸ ಕಾರ್ಡು ಎರಡು ಬೇಕು: ವ್ಯವಸ್ಥೆಗೆ 32 ಜಿಬಿ, ಆಟ ಮತ್ತು ಸಿನಿಮಾಗಳಿಗೆ 64 ಅಥವಾ 128 ಜಿಬಿ. ದೇವರಾಜ ಅರಸು ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಕೊಂಡರೆ ಬಿಲ್ ಕೇಳಿ ಪಡೆಯಿರಿ, ಮನೆಗೆ ತಂದು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸಿ. ಮೋಸದ ಕಾರ್ಡು 128 ಜಿಬಿ ಎಂದು ತೋರಿಸುತ್ತದೆ, ಒಳಗೆ 16 ಇರುತ್ತದೆ. 16 ದಾಟಿದ ಮೇಲೆ ಬರೆದದ್ದೆಲ್ಲ ಕಸ. ನಕಲು ಮಾಡುವಾಗ ದೋಷ ತೋರಿಸುವುದಿಲ್ಲ, ತಿಂಗಳ ನಂತರ ಆಟ ಅರ್ಧಕ್ಕೆ ನಿಂತಾಗ ಗೊತ್ತಾಗುತ್ತದೆ. ಪರೀಕ್ಷೆ ಕಾರ್ಡನ್ನು ತುಂಬಿಸಿ ಮತ್ತೆ ಓದುವುದರಿಂದ ಗಂಟೆಗಟ್ಟಲೆ ಹಿಡಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿ.

ಆರ್ಕ್‌ಓಎಸ್ ಇಮೇಜನ್ನು ಬಲೇನಾ ಎಚರ್ ಎಂಬ ತಂತ್ರಾಂಶದಿಂದ 32 ಜಿಬಿ ಕಾರ್ಡಿಗೆ ಬರೆದು, ಡಿಟಿಬಿ ಹಾಕಿ, ಮೊದಲನೆಯ ಸ್ಲಾಟಿಗೆ ಸೇರಿಸಿ ಆನ್ ಮಾಡಿ. ಮೊದಲ ಸಲ ಅದು ಕಾರ್ಡಿನ ಉಳಿದ ಜಾಗವನ್ನು ಹಿಗ್ಗಿಸಿಕೊಂಡು ತಾನಾಗಿಯೇ ಮತ್ತೆ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಪವರ್ ಬಟನ್ ಮುಟ್ಟಬೇಡಿ. ಎರಡನೆಯ ಕಾರ್ಡನ್ನು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ ಎರಡನೆಯ ಸ್ಲಾಟಿಗೆ ಹಾಕಿ, ಆಪ್ಷನ್ಸ್‌ನ ಅಡ್ವಾನ್ಸ್ಡ್ ಒಳಗೆ ಆಟಗಳನ್ನು ಎಸ್‌ಡಿ2ರಿಂದ ತೆಗೆದುಕೊಳ್ಳುವಂತೆ ಬದಲಿಸಿದರೆ ಫೋಲ್ಡರುಗಳನ್ನು ಅದೇ ಮಾಡಿಕೊಳ್ಳುತ್ತದೆ. ಹೀಗೆ ಬೇರೆ ಮಾಡಿದ್ದರೆ ವ್ಯವಸ್ಥೆ ಹಾಳಾದರೂ ಆಟಗಳು, ಉಳಿಸಿದ ಹಂತಗಳು ಸುರಕ್ಷಿತ.

ಆಟದ ಕಡತಗಳು ನಿಮ್ಮದೇ ಡಿಸ್ಕಿನಿಂದ ತೆಗೆದವಾಗಿರಲಿ, ಅಥವಾ ಮಾಡಿದವರೇ ಉಚಿತವಾಗಿ ಹಂಚುವ ಹೊಸ ಹೋಂಬ್ರೂ ಆಟಗಳಾಗಿರಲಿ. ಸಾವಿರಾರು ಆಟ ತುಂಬಿದ ಕಾರ್ಡು ಮಾರುವವರು ಅದರ ಹಕ್ಕನ್ನು ಪಡೆದವರಲ್ಲ. ಪ್ಲೇಸ್ಟೇಷನ್ ಸಿಡಿಯನ್ನು ಐಎಸ್‌ಒ ಆಗಿ ತೆಗೆಯಬೇಡಿ. ಹಿನ್ನೆಲೆ ಸಂಗೀತ ಆಡಿಯೋ ಟ್ರ್ಯಾಕ್ ಆಗಿರುವ ಡಿಸ್ಕುಗಳಲ್ಲಿ ಐಎಸ್‌ಒಗೆ ದತ್ತಾಂಶದ ಭಾಗ ಮಾತ್ರ ಬರುತ್ತದೆ, ಆಟದ ಸಂಗೀತ ಮೂಕವಾಗುತ್ತದೆ. ಬಿನ್ ಮತ್ತು ಕ್ಯೂ ಜೋಡಿಯಾಗಿ ತೆಗೆದು, ಸಿಎಚ್‌ಡಿಮ್ಯಾನ್ ಎಂಬ ತಂತ್ರಾಂಶದಿಂದ ಸಿಎಚ್‌ಡಿ ಎಂಬ ಕುಗ್ಗಿಸಿದ ಕಡತ ಮಾಡಿಕೊಂಡರೆ ಜಾಗ ಉಳಿಯುತ್ತದೆ, ಗುಣ ಕಳೆಯುವುದಿಲ್ಲ. ಎರಡು ಮೂರು ಡಿಸ್ಕಿನ ಆಟಕ್ಕೆ ಸಾಲಿಗೊಂದರಂತೆ ಕಡತದ ಹೆಸರು ಬರೆದ ಎಂ3ಯು ಕಡತ ಮಾಡಿ. ಆಗ ಡಿಸ್ಕ್ ಬದಲಿಸಿದರೂ ಮೆಮೊರಿ ಕಾರ್ಡು ಒಂದೇ ಇರುತ್ತದೆ.

ಹಳೆಯ ಟಿವಿ ಗೇಮ್ ಆಡಿ ಬೆಳೆದವರಿಗೆ ಒಂದು ಸೆಟ್ಟಿಂಗ್ ಹೇಳಲೇಬೇಕು. ನಮ್ಮ ಮನೆಗಳಲ್ಲಿದ್ದ ಕ್ಯಾಸೆಟ್ ಹಾಕುವ ಸೆಟ್ಟುಗಳು ನಿಂಟೆಂಡೊದ 1983ರ ಫ್ಯಾಮಿಕಾಮ್‌ನ ನಕಲುಗಳು. ಭಾರತದ ಟಿವಿ ಪಾಲ್, ಅಂದರೆ 50 ಹರ್ಟ್ಸ್. ಜಪಾನ್, ಅಮೆರಿಕದ ಆವೃತ್ತಿಗಳು 60ಕ್ಕೆ ಓಡುತ್ತವೆ. ಅದೇ ಆಟ ಆರ್36ಎಸ್‌ನಲ್ಲಿ ನೆನಪಿಗಿಂತ ವೇಗವಾಗಿದೆ ಎನ್ನಿಸಿದರೆ ಅದು ಭ್ರಮೆಯಲ್ಲ. ಆಟಗಳನ್ನು ಓಡಿಸುವ ತಂತ್ರಾಂಶ ರೆಟ್ರೋಆರ್ಚ್‌ನಲ್ಲಿ, ಫ್ಯಾಮಿಕಾಮ್ ಆಟ ನಡೆಸುವ ಎಫ್‌ಸಿಇಯುಎಂಎಂ ಕೋರ್ ಆರಿಸಿ, ಕೋರ್ ಆಪ್ಷನ್ಸ್‌ನ ರೀಜನ್‌ನಲ್ಲಿ ಡೆಂಡಿ ಎಂದು ಬದಲಿಸಿ. 50 ಹರ್ಟ್ಸ್‌ನ ನಕಲಿ ಸೆಟ್ಟುಗಳ ಲಯ ಅದು. 60 ಹರ್ಟ್ಸ್‌ನ ಸ್ಕ್ರೀನಿನಲ್ಲಿ ಐದು ಚಿತ್ರಕ್ಕೆ ಒಂದು ಎರಡು ಸಲ ಬರುವುದರಿಂದ ಚಲನೆ ಸ್ವಲ್ಪ ಕುಲುಕುತ್ತದೆ. ಸಂಗೀತದ ನಡೆ ಸರಿಹೋದ ಸಂತೋಷದ ಮುಂದೆ ನನಗದು ಲೆಕ್ಕಕ್ಕಿಲ್ಲ.

640×480 ಹಳೆಯ ಆಟಗಳಿಗೆ ಹೇಳಿ ಮಾಡಿಸಿದ ಅಳತೆ. ಪ್ಲೇಸ್ಟೇಷನ್ನಿನ ಅನೇಕ ಆಟಗಳ 320×240 ಸರಿಯಾಗಿ ಎರಡರಷ್ಟಾಗಿ ತುಂಬಿಕೊಳ್ಳುತ್ತದೆ. ಫ್ಯಾಮಿಕಾಮ್‌ನ 256×240 ಎರಡರಷ್ಟಾದರೆ 512×480. ಗೇಮ್‌ಬಾಯ್ ಅಡ್ವಾನ್ಸ್‌ನ 240×160 ಮಾತ್ರ ತಕರಾರು. ಎರಡರಷ್ಟು ಮಾಡಿದರೆ 480×320, ಸುತ್ತ ಕಪ್ಪು. ಅಗಲ ಪೂರ್ತಿ ತುಂಬಿಸಿದರೆ ಚುಕ್ಕೆಗಳು ಒಂದು ದಪ್ಪ ಒಂದು ಸಣ್ಣ ಆಗಿ ಅಕ್ಷರಗಳು ಸೊಟ್ಟಗಾಗುತ್ತವೆ. ಓದುವುದು ಹೆಚ್ಚಿರುವ ಆಟಕ್ಕೆ, ಪೂರ್ಣಸಂಖ್ಯೆಯ ಪಟ್ಟು ಮಾತ್ರ ಹಿಗ್ಗಿಸುವ ಇಂಟಿಜರ್ ಸ್ಕೇಲ್ ಆನ್ ಮಾಡುತ್ತೇನೆ, ಉಳಿದವಕ್ಕೆ ತುಂಬಿಸುತ್ತೇನೆ.

ಇನ್ನು ಸಿನಿಮಾ. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಷ್ಟರಲ್ಲಿ ಒಂದು ಕನ್ನಡ ಚಿತ್ರ ಮುಗಿಯುತ್ತದೆ, ಕಡತವನ್ನು ಮನೆಯಲ್ಲೇ ಹದ ಮಾಡಿಕೊಂಡಿದ್ದರೆ. 1080ಪಿ ಎಚ್.265 ಕಡತವನ್ನು ಹಾಗೇ ಹಾಕಿದರೆ ಚಿತ್ರ ತಡವರಿಸುತ್ತದೆ, ಮಾತು ಮುಂದೆ ಓಡುತ್ತದೆ, ಬ್ಯಾಟರಿ ವೃಥಾ ಕರಗುತ್ತದೆ. 640 ಚುಕ್ಕೆ ಅಗಲದ ಸ್ಕ್ರೀನಿಗೆ ಅದಕ್ಕಿಂತ ಹೆಚ್ಚಿನ ಅಗಲ ಕೊಟ್ಟು ಲಾಭವೂ ಇಲ್ಲ. ವಿಡಿಯೋ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಎಚ್.264, 8 ಬಿಟ್, ಅಗಲ 640 ಇಡಿ. ಎತ್ತರ ತಾನಾಗಿ ಕೂರುತ್ತದೆ: 16:9 ಚಿತ್ರಕ್ಕೆ 360, ಅಗಲ ತೆರೆಯ ಚಿತ್ರಕ್ಕೆ 272ರ ಹತ್ತಿರ, ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ 480. ವಿಡಿಯೋಗೆ 800, ಎಎಸಿ ಸ್ಟೀರಿಯೊಗೆ 128 ಕೆಬಿಪಿಎಸ್ ಕೊಟ್ಟರೆ ಎರಡೂವರೆ ಗಂಟೆಯ ಚಿತ್ರ 1 ಜಿಬಿ ಚಿಲ್ಲರೆ. 5.1 ಧ್ವನಿಯನ್ನು ಸ್ಟೀರಿಯೊ ಮಾಡುವಾಗ ಮಾತು ತಗ್ಗಿ ಕೇಳುತ್ತದೆ. ಮಾತೆಲ್ಲ ನಡುವಿನ ಚಾನೆಲ್ಲಿನಲ್ಲಿದ್ದು, ಇಳಿಸುವಾಗ ಅದರ ಮಟ್ಟ ಕಡಿಮೆಯಾಗುವುದೇ ಕಾರಣ. ಆಡಿಯೋ ಗೇನ್ 4ರಿಂದ 6 ಡೆಸಿಬೆಲ್ ಏರಿಸಿ, ಹೆಡ್‌ಫೋನ್ ಹಾಕಿ. ಬ್ಲೂಟೂತ್ ಇಲ್ಲ, 3.5 ಎಂಎಂ ತೂತು ಇದೆ.

ಕನ್ನಡದ ಸಬ್‌ಟೈಟಲ್ ಬೇಕಿದ್ದರೆ ಬರ್ನ್ ಇನ್ ಆರಿಸಿ ಚಿತ್ರದ ಮೇಲೇ ಅಚ್ಚಾಗುವಂತೆ ಮಾಡಿ. ಬೇರೆ ಕಡತವಾಗಿ ಇಟ್ಟರೆ ಚೌಕಗಳು ಕಾಣಬಹುದು. ಫೈಲಿನ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಮೆನುವಿನಲ್ಲಿ ಕನ್ನಡದ ಒತ್ತಕ್ಷರಗಳು ಕೂಡುವುದಿಲ್ಲ. ಇದು ನನಗೆ ಬೇಸರದ ವಿಷಯವೇ, ಆದರೆ ಸದ್ಯಕ್ಕೆ ಬೇರೆ ದಾರಿ ಇಲ್ಲ.

ಚಾರ್ಜ್ ಮಾಡಲು ಹಳೆಯ ಫೋನಿನ 5 ವೋಲ್ಟ್ ಚಾರ್ಜರ್, ಒಂದು ತುದಿ ಅಗಲ ಯುಎಸ್‌ಬಿ ಇರುವ ಕೇಬಲ್ ಬಳಸಿ. ಎರಡೂ ತುದಿ ಟೈಪ್ ಸಿ ಇರುವ ಕೇಬಲ್ಲಿಗೆ ಹಲವು ಯಂತ್ರಗಳು ಸ್ಪಂದಿಸುವುದಿಲ್ಲ. ‘ನನಗೆ ಕರೆಂಟ್ ಬೇಕು’ ಎಂದು ಚಾರ್ಜರಿಗೆ ತಿಳಿಸುವ ರೆಸಿಸ್ಟರನ್ನು ಬೋರ್ಡಿನಲ್ಲಿ ಹಾಕಿರುವುದಿಲ್ಲ. ಡಿಸಿ ಎಂದು ಬರೆದ ತೂತಿಗೇ ಹಾಕಬೇಕು, ಒಟಿಜಿ ಎಂದಿರುವ ತೂತು ವೈಫೈ ಡಾಂಗಲ್‌ನಂಥವಕ್ಕೆ. ಆಫ್ ಮಾಡುವ ಮೊದಲು ಸೆಲೆಕ್ಟ್ ಮತ್ತು ಸ್ಟಾರ್ಟ್ ಒಟ್ಟಿಗೆ ಎರಡು ಸಲ ಒತ್ತಿ ಆಟದಿಂದ ಹೊರಬಂದು, ಮೆನುವಿನಿಂದ ಶಟ್‌ಡೌನ್ ಕೊಡಿ. ರೆಟ್ರೋಆರ್ಚ್‌ನಲ್ಲಿ ಸೇವ್‌ರ್‍ಯಾಮ್ ಆಟೋಸೇವ್ 10 ಸೆಕೆಂಡಿಗೆ ಇಟ್ಟಿದ್ದರೆ ಬ್ಯಾಟರಿ ಹಠಾತ್ತನೆ ಮುಗಿದಾಗಲೂ ಆಟದೊಳಗೆ ಉಳಿಸಿದ್ದು ಹೋಗುವುದಿಲ್ಲ.

ಹಿಂಬದಿ ಉಬ್ಬಿದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ, ಚಾರ್ಜ್ ನಿಲ್ಲಿಸಿ ಬದಲಿಸಿ. ಬಿಚ್ಚುವ ಮೊದಲು ಎರಡೂ ಕಾರ್ಡು ಹೊರತೆಗೆಯಿರಿ, ಇಲ್ಲದಿದ್ದರೆ ಕವಚ ಎತ್ತುವಾಗ ಮುರಿಯುತ್ತವೆ. 3.7 ವೋಲ್ಟಿನ ಹೊಸ ಬ್ಯಾಟರಿಯ ಅಗಲ, ಉದ್ದ, ದಪ್ಪ ಹಳೆಯದಕ್ಕೆ ಹೊಂದಬೇಕು. ಪ್ಲಗ್ ಸರಿಯಾಗಿ ಕೂತರೂ ಕೆಂಪು, ಕಪ್ಪು ತಂತಿ ಅದಲುಬದಲಾಗಿರುವುದುಂಟು. ಮಲ್ಟಿಮೀಟರ್‌ನಲ್ಲಿ ಪ್ಲಸ್, ಮೈನಸ್ ನೋಡಿಕೊಂಡೇ ಚುಚ್ಚಿ, ಉಲ್ಟಾ ಆದರೆ ಬೋರ್ಡು ಆ ಕ್ಷಣವೇ ಹೋಗುತ್ತದೆ.