ಮಳೆ ಲೆಕ್ಕದ ಕೋಡ್‌ಗೆ ಟೆಸ್ಟ್ ಬರೆಯುವ ಬಗೆ

ಸೊರಬ, ಹೊಸನಗರ, ತೀರ್ಥಹಳ್ಳಿಯ ಮಳೆಮಾಪಕಗಳ ಅಂಕಿ ಓದಿ ಲೆಕ್ಕ ಹಾಕುವ ಮುಕ್ತ ತಂತ್ರಾಂಶಕ್ಕೆ ಪೈಥಾನ್‌ನಲ್ಲಿ ಕೋಡ್ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅದು ಸರಿಯಾಗಿದೆಯೇ ಎಂದು ಪರೀಕ್ಷಿಸುವ ಪುಟ್ಟ ಕೋಡ್‌ಗಳನ್ನು, ಅಂದರೆ ಟೆಸ್ಟ್‌ಗಳನ್ನು, ಓಡಿಸಲು ಪೈಟೆಸ್ಟ್ ಎಂಬ ಸಲಕರಣೆ ಸಾಕು.

ಟೆಸ್ಟ್‌ಗಳು ಇಂಟರ್ನೆಟ್ ಇಲ್ಲದೆಯೂ ಓಡಬೇಕು. ಘಟ್ಟದ ಹಳ್ಳಿಯಲ್ಲಿ ಕೂತು ಕೋಡ್ ಕಳಿಸುವವರಿಗೆ ಜಡಿಮಳೆಯಲ್ಲಿ ಸಿಗ್ನಲ್ ಸಿಗುತ್ತದೆಂಬ ಭರವಸೆ ಇಲ್ಲ. ಮಳೆಯ ಅಂಕಿ ಕಳಿಸುವ ಸರ್ವರ್ ಕೊಡುವ ಉತ್ತರದ ಮಾದರಿಯನ್ನು ಒಂದು ಫೈಲಿನಲ್ಲಿಟ್ಟು ಅದನ್ನೇ ಓದಿಸಿ. ಟೆಸ್ಟ್ ಬರೆಯುವ ಫೈಲುಗಳು ಪೈಟೆಸ್ಟ್‌ನ ಟಿಎಂಪಿ_ಪಾತ್ ಕೊಡುವ ತಾತ್ಕಾಲಿಕ ಫೋಲ್ಡರಿಗೇ ಹೋಗಲಿ.

ಹೆಚ್ಚು ಟೆಸ್ಟ್ ಬೇಕಾಗುವುದು ಗಡಿಗಳಲ್ಲಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಮೀ ಅಥವಾ ಹೆಚ್ಚು ಬಿದ್ದರೆ ಅದು ಮಳೆ ದಿನ. ಹಾಗಾಗಿ 2.4, 2.5, 2.6 ಮೂರನ್ನೂ ಪ್ಯಾರಮೆಟ್ರೈಸ್ ಮಾಡಿ (ಒಂದೇ ಟೆಸ್ಟ್ ಮೂರೂ ಅಂಕಿಗಳಿಗೆ ಓಡುವಂತೆ) ಕೊಡಿ; 50 ಮಿಮೀ ಒಂದನ್ನೇ ಕೊಟ್ಟರೆ ‘>=’ ಬದಲು ‘>’ ಬರೆದ ತಪ್ಪು ಸಿಕ್ಕಿಬೀಳುವುದಿಲ್ಲ. ಅಳತೆ ತೆಗೆಯದ ದಿನದ ಖಾಲಿ ಜಾಗ ಸೊನ್ನೆಯಾಗಿ ಬದಲಾಗಬಾರದು. ಇದಕ್ಕೆ ಬೇರೆಯೇ ಟೆಸ್ಟ್ ಬರೆಯಿರಿ, ಏಕೆಂದರೆ ಇಲ್ಲಿ ತಪ್ಪಿದರೆ ಇಡೀ ತಿಂಗಳ ಸರಾಸರಿ ಸದ್ದಿಲ್ಲದೆ ಕುಸಿಯುತ್ತದೆ. ದಶಮಾಂಶಗಳ ಮೊತ್ತವನ್ನು ‘==’ನಿಂದ ಹೋಲಿಸದೆ ತೀರಾ ಚಿಕ್ಕ ವ್ಯತ್ಯಾಸವನ್ನು ಕಡೆಗಣಿಸುವ ಪೈಟೆಸ್ಟ್‌ನ ಅಪ್ರಾಕ್ಸ್ ಬಳಸಿ; 0.1 + 0.2 ಕಂಪ್ಯೂಟರಿನಲ್ಲಿ ಸರಿಯಾಗಿ 0.3 ಆಗುವುದಿಲ್ಲ.

ಮಳೆ ಅಳತೆಯ ದಿನ ನಮ್ಮ ಸಮಯದಲ್ಲಿ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ, ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯದಲ್ಲಿ) ಅದು 3:00. ಕಳಿಸಿದ ಕೋಡ್‌ನ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನ ಯಂತ್ರಗಳು ಯುಟಿಸಿಯಲ್ಲಿ ಓಡುವುದರಿಂದ ಲ್ಯಾಪ್‌ಟಾಪ್‌ನಲ್ಲಿ ಪಾಸಾದ ಟೆಸ್ಟ್ ಅಲ್ಲಿ ಬೀಳಬಹುದು. ಫಂಕ್ಷನ್ ಒಳಗೆ ‘ಈಗಿನ ಸಮಯ’ ಕೇಳಬೇಡಿ. ಏಷ್ಯಾ/ಕೋಲ್ಕತಾ ವಲಯ ನಮೂದಿಸಿದ ಸಮಯವನ್ನು ಹೊರಗಿನಿಂದ ಕೊಡಿ. 8:29, 8:30, 8:31 ಮೂರನ್ನೂ ಪರೀಕ್ಷಿಸಿ.

ಊರಿನ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ‘ಸೊರಬ’ದ ಒತ್ವ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊತ್ವ ಸೇರಿದ ಜೋಡಿಯಾಗಿಯೂ ಇರಬಹುದು. ತೆರೆಯ ಮೇಲೆ ಒಂದೇ ರೂಪ, ಉದ್ದ ಮಾತ್ರ 4 ಅಥವಾ 5. ಹೋಲಿಸಿದರೆ ಬೇರೆ ಬೇರೆ ಊರು! ಎರಡೂ ರೂಪಗಳನ್ನು ಟೆಸ್ಟ್‌ನಲ್ಲಿಡಿ, ಕೋಡ್‌ನಲ್ಲಿ ಎನ್‌ಎಫ್‌ಸಿಗೆ (ಇಂಥ ಜೋಡಿಯನ್ನು ಒಂದೇ ಸಂಕೇತವಾಗಿ ಕೂಡಿಸುವ ಯುನಿಕೋಡ್ ರೂಪಕ್ಕೆ) ಪರಿವರ್ತಿಸಿದ ಮೇಲೆಯೇ ಹೋಲಿಸಿ. ಎರಡನೆಯ ರೂಪವನ್ನು ಕೀಬೋರ್ಡ್ ನಂಬಿ ಟೈಪ್ ಮಾಡದೆ ಸಂಕೇತ ಸಂಖ್ಯೆಗಳಲ್ಲೇ ಬರೆಯಿರಿ, ಇಲ್ಲವಾದರೆ ಎಡಿಟರ್ ಅದನ್ನು ಸದ್ದಿಲ್ಲದೆ ಕೂಡಿಸಿಬಿಡಬಹುದು.

ದೋಷ ಸರಿಪಡಿಸುವಾಗ ಟೆಸ್ಟ್ ಮೊದಲು. ಹಳೆಯ ಕೋಡ್ ಮೇಲೆ ಅದು ಬೀಳುವುದನ್ನು ಕಣ್ಣಾರೆ ನೋಡಿ, ಬಿದ್ದ ಕಾರಣವನ್ನೂ ಓದಿ. ಇಂಪೋರ್ಟ್ ತಪ್ಪಿ ಬಿದ್ದರೆ ಅದು ಲೆಕ್ಕಕ್ಕಿಲ್ಲ. ಒಮ್ಮೆ ಪಾಸಾಗಿ ಒಮ್ಮೆ ಬೀಳುವ ಟೆಸ್ಟ್‌ಗೆ ‘ಮತ್ತೊಮ್ಮೆ ಓಡಿಸು’ ಪರಿಹಾರವಲ್ಲ. ಅದನ್ನು ಒಂದನ್ನೇ ಓಡಿಸಿ ನೋಡಿ: ಆಗ ಫಲಿತಾಂಶ ಬದಲಾದರೆ ಬೇರೊಂದು ಟೆಸ್ಟ್ ಬಿಟ್ಟುಹೋದ ಸ್ಥಿತಿಯನ್ನು ಅದು ನೆಚ್ಚಿಕೊಂಡಿದೆ.