ಅಕಿನ್ನ ಕೇಳ್ರಿ

ಗುಳೇದಗುಡ್ಡದ ಹತ್ತಿರದ ಒಂದು ಊರಲ್ಲಿ ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಅಂದರೆ ವಿಕಲಚೇತನರ ಕೆಲಸ ನೋಡಿಕೊಳ್ಳುವವಳು. ಪಿಂಚಣಿ ಅರ್ಜಿ, ಅವರ ಗುರುತಿನ ಯುಡಿಐಡಿ ಕಾರ್ಡು, ಇದರಲ್ಲೇ ದಿನ ಹೋಗುತ್ತದೆ. ಈಗ ಬರೆಯುತ್ತಿರೋದು ಯಾವ ಫಾರ್ಮಿನಲ್ಲೂ ಬರದ ಕೆಲಸದ ಬಗ್ಗೆ.

ಅವಳ ಹೆಸರು ಬೇಡ, ತಂಗಿ ಅಂತೀನಿ. ಮನೆಯಲ್ಲಿ ಕಂಡಿಕೆ (ನೇಯಲು ನೂಲು ಸುತ್ತುವ ಕೊಳವೆ) ಸುತ್ತುತ್ತಾಳೆ, ಕೈ ಬಹಳ ಚುರುಕು. ಲೆಕ್ಕ, ತಾರೀಖು ಮಾತ್ರ ತಲೆಗೆ ಹತ್ತುವುದಿಲ್ಲ. ಕಾರ್ಡಿನಲ್ಲಿ ಬೌದ್ಧಿಕ ಅಂಗವೈಕಲ್ಯ ಅಂತ ಇದೆ. ಬಸುರಿ ಇದ್ದಾಗ ತಪಾಸಣೆಗೆ ಜೊತೆಗೆ ಹೋಗಿದ್ದೆ. ಅಲ್ಲಿ ಒಬ್ಬರು ಅವಳ ಕಡೆ ನೋಡದೇ ಅತ್ತೆಯನ್ನು ಕೇಳಿದರು, "ಹೆರಿಗಿ ಜೋಡೀನ ಆಪರೇಶನ್ನೂ ಮುಗಿಸಿಬಿಡೂಣೇನ್ರಿ?" ಅತ್ತೆ ನನ್ನ ಮುಖ ನೋಡಿದರು. ನಾನು ಉತ್ತರ ಕೊಡಲು ಬಾಯಿ ತೆಗೆದೇಬಿಟ್ಟೆ. ನನ್ನದೂ ಪೋಲಿಯೋ ಕಾಲು, ಚಿಕ್ಕವಳಿದ್ದಾಗ ಡಾಕ್ಟರು ನನ್ನನ್ನು ಬಿಟ್ಟು "ಎಲ್ಲಿ ನೋಯತೈತಂತ ಅಕಿಗೆ?" ಅಂತ ಅಪ್ಪನನ್ನೇ ಕೇಳೋರು, ಆ ಸಿಟ್ಟು ಇನ್ನೂ ಹೋಗಿಲ್ಲ, ಅಂಥದ್ದರಲ್ಲಿ ನಾನೇ ಅದನ್ನು ಮಾಡಲು ಹೊರಟಿದ್ದೆ. ನಾಲಿಗೆ ಕಚ್ಚಿಕೊಂಡು "ಅಕಿನ್ನ ಕೇಳ್ರಿ" ಅಂದೆ.

ತಂಗಿ ಏನೂ ಹೇಳಲಿಲ್ಲ. ಯಾರೂ ಕೇಳಿಯೇ ಗೊತ್ತಿಲ್ಲದವಳು ಏನು ಹೇಳ್ತಾಳೆ?

ಕಾನೂನು ಅವಳ ಕಡೆ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 10ನೇ ಕಲಂ ಪ್ರಕಾರ, ವಿಕಲಚೇತನರು ತಾವೇ ತಿಳಿದು ಒಪ್ಪದ ಹೊರತು ಅವರಿಗೆ ಮಕ್ಕಳಾಗದಂತೆ ಮಾಡುವ ಚಿಕಿತ್ಸೆ ಕೊಡುವಂತಿಲ್ಲ. ಇದನ್ನು ಅತ್ತೆಗೆ ಹೇಳಿದೆ. ಆದರೆ ಕಲಂ ಬಂದು ಅವಳ ಪರವಾಗಿ ಮಾತಾಡುವುದಿಲ್ಲ ಅಲ್ವಾ? ಅದಕ್ಕೆ ಕಂಡಿಕೆ ಸುತ್ತುವಾಗಲೇ ಮೂರು ಮಾತು ರೂಢಿ ಮಾಡಿಸಿದೆ. "ನನ್ನ ಕೂಡ ಮಾತಾಡ್ರಿ." "ಸಾವಕಾಶ ಹೇಳ್ರಿ." "ನಾಳೆ ಹೇಳ್ತೀನ್ರಿ." ನಾನು ಡಾಕ್ಟರ್ ಆಗಿ ಗದರೋದು, ಅವಳು ನಕ್ಕು ನಕ್ಕು ಕೊನೆಗೆ ಹೇಳೋದು. ಮೂರನೆಯದೇ ಜಾಸ್ತಿ ಉಪಯೋಗಕ್ಕೆ ಬಂತು. ಇಂಥವರನ್ನು ಅವಸರ ಮಾಡಿಯೇ ಹೂಂ ಅನ್ನಿಸಿಕೊಳ್ಳುತ್ತಾರೆ. ಮುಂದಿನ ಸಲ ಹಾಗೇ ಅಂದಳು, ಮನೆಗೆ ಬಂದು ಎರಡು ದಿನ ಯೋಚಿಸಿ "ಈಗ ಬ್ಯಾಡ್ರಿ ಅಕ್ಕಾರ" ಅಂದಳು. ಅದೇ ನಡೆಯಿತು.

ಕೂಸು ಬಂದ ಮೇಲೆ ನಾನು ಮಾಡಿದ ತಪ್ಪು ಅಂದರೆ ಔಷಧ, ಲಸಿಕೆ ನೆನಪಿಗೆ ಅಂತ ಗೋಡೆಗೆ ಅಂಟಿಸಿದ ಬಣ್ಣದ ಚಾರ್ಟು. ಅವಳು ಅದನ್ನು ಕ್ಯಾಲೆಂಡರ್ ಥರ ನೋಡಿ ಸುಮ್ನಾದಳು. ಆಮೇಲೆ ಅವಳ ಸಾಮಾನಿನಲ್ಲೇ ಕಲಿಸಿದೆ. ಜ್ವರದ ಹನಿ ಔಷಧದ ಡ್ರಾಪರ್ ಮೇಲೆ ಡಾಕ್ಟರು ಹೇಳಿದ ಗೆರೆಗೆ ಕೆಂಪು ಉಗುರುಬಣ್ಣ ಹಚ್ಚಿದೆವು. ಲಸಿಕೆ 6, 10, 14ನೇ ವಾರಕ್ಕೆ. ವಾರ ಎಣಿಸೋದು ಹೇಗೆ? ಉಪಾಯ ಅವಳದೇ. ಒಂದು ಸೂಜಿ ಆದ ಮೇಲೆ ನಾಲ್ಕು ಕಂಡಿಕೆ ಗೂಡಿನಲ್ಲಿಟ್ಟಳು, ಪ್ರತಿ ಸಂತೆಗೆ ಒಂದು ತೆಗೆದಳು. ಗೂಡು ಖಾಲಿ ಆದ ದಿನ ಕೂಸನ್ನು ಎತ್ತಿಕೊಂಡು ಆಶಾ ಕಾರ್ಯಕರ್ತೆಯ ಮನೆ ಬಾಗಿಲಲ್ಲಿ ನಿಂತಿದ್ದಳು.

ಎಲ್ಲ ಅವಳೊಬ್ಬಳೇ ಮಾಡ್ತಾಳೆ ಅಂತಲ್ಲ. ರಾತ್ರಿ ಕೂಸು ಜಾಸ್ತಿ ಅತ್ತರೆ ಅತ್ತೆಯನ್ನು ಎಬ್ಬಿಸಬೇಕು ಅಂತ ಒಪ್ಪಂದ ಇದೆ. ಒಬ್ಬಳೇ ಕೂಸು ಬೆಳೆಸಿದ ತಾಯಿ ನಮ್ಮ ಓಣಿಯಲ್ಲಿ ಯಾರಿದ್ದಾರೆ ಹೇಳಿ?

ಮೊನ್ನೆ ಮಹಿಳಾ ಸಂಘಕ್ಕೆ ಸೇರು ಅಂತ ಒತ್ತಾಯ ಮಾಡಿದೆ. ಕೂಸಿನ ಬಾಯಿ ಒರೆಸುತ್ತಾ "ನಾಳೆ ಹೇಳ್ತೀನ್ರಿ" ಅಂದಳು. ನಾಲ್ಕು ದಿನ ಆಯಿತು, ಇನ್ನೂ ಹೇಳಿಲ್ಲ.